ಬೋರ್ಡ್ ಗೇಮ್ ಮಾಡುವುದೇ ನನ್ನ ಕೆಲಸ, ಏನು ಬೇಕಾದರೂ ಕೇಳಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಬೋರ್ಡ್ ಗೇಮ್ ಮಾಡುತ್ತೇನೆ. 11 ವರ್ಷವಾಯಿತು. ಅದಕ್ಕೂ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಇಲ್ಲಿಯವರೆಗೆ 4 ಆಟ ಅಚ್ಚಾಗಿವೆ. ಅಚ್ಚಾಗದೆ ಡಬ್ಬದಲ್ಲೇ ಉಳಿದವು 30ರ ಹತ್ತಿರ ಇವೆ. ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಿ ಅಂತ ಅಡ್ಮಿನ್ ಕೇಳಿದರು, ಖುಷಿಯಿಂದ ಒಪ್ಪಿಕೊಂಡೆ.

ಪ್ರಶ್ನೆ (ಬಿಇ ವಿದ್ಯಾರ್ಥಿ, ಹಾಸನ): ಮೇಡಂ, ನಿಮ್ಮ ಒಂದು ದಿನ ಹೇಗಿರುತ್ತೆ? ದಿನವಿಡೀ ಆಟ ಆಡ್ತಾ ಇರ್ತೀರಾ?

ಉತ್ತರ: ಆಡುವುದಕ್ಕಿಂತ ಬೇರೆಯವರು ಆಡುವುದನ್ನು ನೋಡುವುದೇ ಜಾಸ್ತಿ. ಬೆಳಿಗ್ಗೆ ಕತ್ತರಿ, ಸ್ಟೀಲ್ ಸ್ಕೇಲ್, ಗೋಂದು. ಹಳೇ ಇಸ್ಪೀಟ್ ಎಲೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮುಂದುಗಡೆ ಕೈಬರಹದ ಚೀಟಿ ತೂರಿಸುತ್ತೇನೆ. ನಿಯಮ ಬದಲಾದರೆ ಚೀಟಿ ತೆಗೆದು ಬೇರೆ ಹಾಕಿದರೆ ಸಾಕು. ಕಾಯಿಗಳಿಗೆ ಹುಣಸೆ ಬೀಜ, ಅಂಗಿ ಗುಂಡಿ. ಮೊದಮೊದಲ ಪ್ರತಿಯನ್ನು ಚೆಂದವಾಗಿ ಮಾಡಲೇಬಾರದು. ಚೆಂದ ಮಾಡಿದರೆ ಆಡುವವರು ತಪ್ಪು ಹೇಳಲು ಹಿಂಜರಿಯುತ್ತಾರೆ, ನನಗೂ ಅದನ್ನು ಎಸೆಯಲು ಮನಸ್ಸು ಬರುವುದಿಲ್ಲ.

ಈಗ ಮಾಡುತ್ತಿರುವುದಕ್ಕೆ ಮನೆಯಲ್ಲಿ ನಾಲೆ ಆಟ ಅಂತೀವಿ. 4 ಜನ ರೈತರು, ಒಂದೇ ನಾಲೆ. ಮೇಲಿನ ಗದ್ದೆಗೆ ಮೊದಲು ನೀರು, ನಾಲೆ ಕೊನೆಯವರಿಗೆ ಮಿಕ್ಕಿದ್ದು. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ನಾಲ್ವರ ಪಾತ್ರವನ್ನೂ ನಾನೇ ಹಾಕಿಕೊಂಡು 40 ಸಲ ಆಡಿ ಪುಸ್ತಕದಲ್ಲಿ ಬರೆದಿಟ್ಟೆ. 23 ಸಲ ಮೇಲಿನ ಗದ್ದೆಯವನೇ ಗೆದ್ದ. ಹೀಗಾದರೆ ಆಟ ಅಲ್ಲ ಅದು. ಅದಕ್ಕೇ ಒಂದು ನಿಯಮ ಸೇರಿಸಿದೆ: ಹೋದ ಸಲ ಯಾರು ಕಡಿಮೆ ನೀರು ತಗೊಂಡರೋ ಅವರ ಕೈಗೆ ಈ ಸಲ ತೂಬಿನ ಕೀಲಿ. ಲೆಕ್ಕ ಸರಿಹೋಯಿತು, ಆದರೆ ಕೀಲಿಯ ಆಸೆಗೆ ಎಲ್ಲರೂ ಬೇಕಂತಲೇ ಗದ್ದೆ ಒಣಗಿಸಿಕೊಂಡು ಕೂರಲು ಶುರು ಮಾಡಿದರು. ಆ ಒಂದು ಗಂಟು ಬಿಡಿಸಲು ಒಂದು ತಿಂಗಳು ಹಿಡಿಯಿತು. ಈಗ ನೀರಿಲ್ಲದ ಪೈರು ಎರಡನೇ ಸುತ್ತಿಗೆ ಬಾಡಿಹೋಗುತ್ತದೆ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ, ನಿಯಮದ ಪುಸ್ತಕ. ಮಂಗಳವಾರ, ಶನಿವಾರ ಸಂಜೆ ಆಡಲು ಜನ ಬರುತ್ತಾರೆ. ಕಾಲೇಜು ಹುಡುಗರು, ಎದುರು ಮನೆಯ ಅಜ್ಜಿ, ಯಾರಾದರೂ ಸರಿ. ನನ್ನ ಕೆಲಸದಲ್ಲಿ ತುಂಬಾ ಕಷ್ಟದ್ದು ಅದೇ. ನಿಯಮದ ಪುಸ್ತಕ ಅವರ ಕೈಗೆ ಕೊಟ್ಟು, ಮೂಲೆಯಲ್ಲಿ ಸುಮ್ನೆ ಕೂರಬೇಕು. ತಪ್ಪು ಆಡುತ್ತಿದ್ದರೂ ಬಾಯಿ ತೆರೆಯುವ ಹಾಗಿಲ್ಲ. ನಾಳೆ ಡಬ್ಬ ಕೊಂಡವರ ಮನೆಗೆ ನಾನು ಹೋಗಿ ಹೇಳಿಕೊಡಲು ಆಗುತ್ತಾ? ಅಜ್ಜಿ ಹೋದ ತಿಂಗಳು ಕಾಯಿಯನ್ನು ನಾನು ಬರೆದದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ ನಡೆಸಿದರು. ತಡೆಯದೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು, ಚೌಕಾಬಾರದಲ್ಲಿ ಹೊರಗಿನ ಮನೆಗಳಲ್ಲಿ ಕಾಯಿ ಹೋಗುವುದೇ ಹಾಗೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಅವರ ಕೈಗೆ 60 ವರ್ಷದ ಅಭ್ಯಾಸ. ಮಾರನೇ ದಿನ ನನ್ನ ಬೋರ್ಡನ್ನೇ ತಿರುಗಿಸಿ ಬರೆದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನನ್ನ ಹತ್ತಿರ ಒಂದು ಒಳ್ಳೇ ಐಡಿಯಾ ಇದೆ ಅಕ್ಕಾರ. ಯಾರಾದರೂ ಕದ್ದರೆ ಅಂತ ಹೆದರಿಕೆ. ಪೇಟೆಂಟ್ ಮಾಡಿಸಬಹುದಾ?

ಉತ್ತರ: ಆಡುವ ವಿಧಾನಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಸಿಗುವುದಿಲ್ಲ. ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ನೀವು ಬರೆದ ನಿಯಮದ ಪುಸ್ತಕದ ಮಾತುಗಳಿಗೆ, ಚಿತ್ರಗಳಿಗೆ ಕಾಪಿರೈಟ್ ಇರುತ್ತದೆ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು. ಅಷ್ಟೇ. ಆದರೆ ದಯವಿಟ್ಟು ಬಚ್ಚಿಡಬೇಡಿ. ಹತ್ತು ಜನರ ಮುಂದೆ ಇಡದ ಆಟ ಎಂದೂ ಆಟ ಆಗುವುದಿಲ್ಲ. ಐಡಿಯಾ ಬರುವುದು ಒಂದು ಸಂಜೆಯ ಕೆಲಸ, ಅದನ್ನು ಆಡುವ ಹಾಗೆ ಮಾಡುವುದು ಎರಡು ವರ್ಷದ್ದು. ಆ ಎರಡು ವರ್ಷವನ್ನು ಯಾರೂ ಸುಲಭವಾಗಿ ಕದಿಯಲಾರರು.

ಹೆದರಬೇಕಾದ್ದು ಕಳ್ಳರಿಗಿಂತ ಓದದೆ ಸಹಿ ಹಾಕುವುದಕ್ಕೆ. ಅಮೆರಿಕದ ಲಿಜ್ಜಿ ಮ್ಯಾಗಿ 1904ರಲ್ಲೇ ಲ್ಯಾಂಡ್‌ಲಾರ್ಡ್ಸ್ ಗೇಮ್ ಅನ್ನುವ ಆಟಕ್ಕೆ ಪೇಟೆಂಟ್ ಪಡೆದಿದ್ದರು. ಮೊನಾಪಲಿ ಬಂದದ್ದು ಅದರಿಂದಲೇ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅವರ ಪೇಟೆಂಟನ್ನು 500 ಡಾಲರ್‌ಗೆ ಕೊಂಡಿತು, ರಾಯಲ್ಟಿ (ಮಾರಾಟದಲ್ಲಿ ಆಟ ಮಾಡಿದವರಿಗೆ ಬರುವ ಪಾಲು) ಇಲ್ಲ. ಮೊನಾಪಲಿ ಕಂಡುಹಿಡಿದವನು ಅಂತ ಬಹಳ ವರ್ಷ ಹೆಸರು ಹೇಳಿದ್ದು ಚಾರ್ಲ್ಸ್ ಡ್ಯಾರೋ ಅನ್ನುವವರದ್ದು. ನನಗೆ ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಬೆಂಗಳೂರು): ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜೀವನ ನಡೆಯುತ್ತಾ ಇದರಲ್ಲಿ?

ಉತ್ತರ: ಬೇಜಾರು ಯಾಕೆ, ಕೇಳಬೇಕಾದ್ದೇ. ನನಗೆ ಸಿಕ್ಕ ರಾಯಲ್ಟಿ ಶೇ. 5ರಿಂದ 8ರವರೆಗೆ, ಅದೂ ಡಬ್ಬದ ಮೇಲಿನ ಬೆಲೆಗಲ್ಲ, ಪ್ರಕಾಶಕರು ಅಂಗಡಿಗೆ ಕೊಡುವ ಬೆಲೆಗೆ. 900 ರೂಪಾಯಿಯ ಡಬ್ಬ ಅಂಗಡಿಗೆ 450ಕ್ಕೆ ಹೋಯಿತು ಅಂದುಕೊಳ್ಳಿ, ಶೇ. 6 ಅಂದರೆ ನನಗೆ 27 ರೂಪಾಯಿ. ಒಂದು ವರ್ಷದಲ್ಲಿ 1,000 ಡಬ್ಬ ಹೋದರೆ 27,000. ಇದರಲ್ಲಿ ಮನೆ ನಡೆಯಲ್ಲ. ಕಂಪನಿಗಳಿಗೆ ತರಬೇತಿ ಆಟ ಮಾಡಿಕೊಡುತ್ತೇನೆ, ಶಾಲೆಗಳಲ್ಲಿ ಕಾರ್ಯಾಗಾರ ನಡೆಸುತ್ತೇನೆ, ಅದರಿಂದಲೇ ನಡೆಯುವುದು. ನೌಕರಿ ಬಿಟ್ಟು ಇಳಿಯುತ್ತೇನೆ ಅನ್ನುವವರಿಗೆ ನನ್ನ ಮಾತು ಒಂದೇ, ಈಗಲೇ ಬಿಡಬೇಡಿ.

ಅದೇ ಸದಸ್ಯರು: ಹಾಗಿದ್ರೆ ನಾವೇ ಅಚ್ಚು ಹಾಕಿಸಿದರೆ ಲಾಭ ಜಾಸ್ತಿ ಅಲ್ವಾ?

ಉತ್ತರ: ಜಾಸ್ತಿ, ನಷ್ಟವೂ ನಮ್ಮದೇ. ನನ್ನ ಎರಡನೇ ಆಟವನ್ನು ನಾನೇ 600 ಡಬ್ಬ ಹಾಕಿಸಿದೆ. ಅರ್ಧದಲ್ಲಿ ಪ್ರೆಸ್ಸಿನವರು ಕಾಗದ ಬದಲಿಸಿದರು, ನನಗೆ ಹೇಳಲಿಲ್ಲ. ಕಾರ್ಡಿನ ಬೆನ್ನಿನ ನೀಲಿ ಎರಡು ಥರ ಬಂತು, ಒಂದೇ ಡಬ್ಬದೊಳಗೆ ಎರಡೂ ಸೇರಿಕೊಂಡವು. ಬೆನ್ನು ನೋಡಿ ಒಳಗೆ ಯಾವ ಎಲೆ ಅಂತ ಹೇಳಬಹುದಾದರೆ ಆ ಆಟ ಸತ್ತಂತೆ. ಎಲ್ಲ ಕಾರ್ಡುಗಳನ್ನೂ ಮತ್ತೆ ಹಾಕಿಸಬೇಕಾಯಿತು, ಅರ್ಧ ಖರ್ಚು ನನ್ನ ತಲೆಗೇ ಬಂತು. ಅವತ್ತಿನಿಂದ ಒಂದು ಡಬ್ಬದ ಕಾರ್ಡುಗಳೆಲ್ಲ ಒಂದೇ ಶೀಟಿನಲ್ಲಿ ಬರುವ ಹಾಗೆ ಜೋಡಿಸುತ್ತೇನೆ. ಅಚ್ಚಾಗುವಾಗ ಪ್ರೆಸ್ಸಿಗೆ ನಾನೇ ಹೋಗಿ, ಬಿಸಿಲಲ್ಲಿ ಹಾಳೆಗಳನ್ನು ಬೋರಲು ಹರಡಿ ನೋಡುತ್ತೇನೆ. ಇನ್ನೊಂದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ ವಯಸ್ಸು ಹಾಕುವ ಮುಂಚೆ ಅದನ್ನು ವಿಚಾರಿಸಿ.

ಪ್ರಶ್ನೆ (ಕನ್ನಡ ಮೇಷ್ಟ್ರು, ಶಿವಮೊಗ್ಗ): ನಮ್ಮ ಹಳೇ ಆಟಗಳಿಂದ ನಿಮ್ಮ ಕೆಲಸಕ್ಕೆ ಏನಾದರೂ ಸಿಗುತ್ತದೆಯೇ, ಇಲ್ಲ ಅದು ಬರೀ ಅಭಿಮಾನದ ಮಾತೋ?

ಉತ್ತರ: ತುಂಬಾ ಸಿಗುತ್ತದೆ ಸರ್. ಚೌಕಾಬಾರವನ್ನೇ ತಗೊಳ್ಳಿ. 4 ಕವಡೆ ಬೀಳುವುದು 16 ಥರ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ, 2 ಬರುವುದು 16ರಲ್ಲಿ 6 ಸಲ, ಚೌಕ (ಅಂದರೆ 4) ಒಂದು ಸಲ, ಬಾರ (ಅಂದರೆ 8) ಒಂದು ಸಲ. ಅಪರೂಪಕ್ಕೆ ಬೀಳುವ ಆ ಎರಡಕ್ಕೇ ಇನ್ನೊಂದು ಗರ ಕೊಟ್ಟಿದ್ದಾರೆ ನೋಡಿ. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಗಿನ ಮನೆಗೆ ಹೋಗುವಂತಿಲ್ಲ ಅಂತ ಎಷ್ಟೋ ಮನೆಗಳಲ್ಲಿ ನಿಯಮ. ಹೆದರಿಕೊಂಡು, ಯಾರೂ ಹೊಡೆಯಲಾಗದ ಕಟ್ಟೆ ಮನೆಯಲ್ಲೇ ಕೂತವನನ್ನು ಆಟವೇ ಹೊರಗೆ ಎಳೆಯುತ್ತದೆ. ಕಾಯಿ ನಡುಮನೆ ಸೇರಿದರೆ ಹಣ್ಣಾಯಿತು ಅಂತೀವಲ್ಲ, ಆ ಒಂದು ಮಾತಿನಲ್ಲಿ ಗುರಿ ಏನು ಅಂತ ಮಗುವಿಗೂ ತಿಳಿಯುತ್ತದೆ. ನಾನು ನಿಯಮದ ಪುಸ್ತಕ ಬರೆಯುವಾಗ ಅಂಥ ಮಾತಿಗಾಗಿ ದಿನಗಟ್ಟಲೆ ಹುಡುಕುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರೂ ಈ ಊರಿನಲ್ಲೇ ಕೂತು ಹೊಸ ಹೊಸ ಆಟ ಕಟ್ಟಿದವರು. ಇಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೇ ಆಟಗಳ ಕ್ರೀಡಾ ಕೌಶಲ್ಯ ಪ್ರದರ್ಶನ ನಡೆಸಿದಾಗ ಬಂದು ನೋಡಿ, ಹಾಸುಗಳ ಮುಂದೆ ಗಂಟೆಗಟ್ಟಲೆ ನಿಲ್ಲಬಹುದು.

ಪ್ರಶ್ನೆ (ತುಮಕೂರಿನ ಒಬ್ಬ ತಾಯಿ): ನನ್ನ ಮಗ 8ನೇ ಕ್ಲಾಸು. ರಜೆಯಲ್ಲಿ ರಟ್ಟಿನ ಮೇಲೆ ಆಟ ಬರೀತಾ ಇರ್ತಾನೆ. ಏನು ಕೊಡಿಸಲಿ?

ಉತ್ತರ: ಏನೂ ಕೊಡಿಸಬೇಡಿ ಅಕ್ಕಾ, ಒಂದು ದಪ್ಪ ನೋಟ್‌ಬುಕ್ ಸಾಕು. ನಿಯಮಗಳನ್ನು ಅವನ ಮಾತಿನಲ್ಲೇ ಬರೆಯಲಿ. ಆಮೇಲೆ ಅವನ ಅತ್ತೆ ಮಕ್ಕಳಿಗೋ ಪಕ್ಕದ ಮನೆಯವರಿಗೋ ಓದಿಕೊಂಡು ಆಡಲು ಕೊಡಿ, ಅವನು ಬಾಗಿಲ ಹತ್ತಿರ ನಿಂತು ನೋಡಲಿ, ಬಾಯಿಬಿಡದೆ.

ಅದೇ ತಾಯಿ (ಮೂರು ದಿನದ ನಂತರ): ಮಾಡಿಸಿದೆ. ಅವರಿಗೆ ಒಂದೂ ಅರ್ಥವಾಗಲಿಲ್ಲ. ಅತ್ತುಕೊಂಡು ಎರಡು ಹಾಳೆ ಹರಿದು ಹಾಕಿದ. ಇವತ್ತು ಬೆಳಿಗ್ಗೆ ಎದ್ದು ಮತ್ತೆ ಬರೆಯುತ್ತಾ ಕೂತಿದ್ದಾನೆ.

ಉತ್ತರ: ಹರಿದ ಹಾಳೆಗಳನ್ನು ಎಸೆಯಬೇಡಿ, ಅಂಟಿಸಿ ಎತ್ತಿಡಿ. ಇನ್ನೆರಡು ತಿಂಗಳಲ್ಲಿ ಅವನೇ ಬಂದು ಅದನ್ನು ಕೇಳುತ್ತಾನೆ.