ಷಟ್ಕೋನದ ಫೋಟೋ: ಒಂದು ಫೋನಲ್ಲಿ ಸರಿ, ಇನ್ನೊಂದರಲ್ಲಿ ಚೌಕ

ಪ್ರಶ್ನೆ:
ಜೇನು ಸಾಕುವವರಿಗಾಗಿ ಕೋಟ್ಲಿನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡ್ತಿದ್ದೇನೆ. ಸದಸ್ಯರ ಫೋಟೋ ಜೇನುಗೂಡಿನ ಕಣದ ಹಾಗೆ ಆರು ಮೂಲೆಯಲ್ಲಿ ಕಾಣಬೇಕು. ಚಿತ್ರ ತೋರಿಸುವ ಇಮೇಜ್‌ವ್ಯೂಗೆ ಔಟ್‌ಲೈನ್ ಪ್ರೊವೈಡರ್ (ಹೊರಗೆರೆಯ ಆಕಾರ ಹೇಳುವ ಕೋಡ್) ಕೊಟ್ಟು, ಅದರಲ್ಲಿ ಷಟ್ಕೋನದ ಗೆರೆಗೆ, ಅಂದ್ರೆ ಪಾತ್‌ಗೆ, ಸೆಟ್‌ಪಾತ್ ಬರೆದು, ಆ ಗೆರೆಗೆ ಚಿತ್ರ ಕತ್ತರಿಸುವ ಕ್ಲಿಪ್‌ಟುಔಟ್‌ಲೈನ್ ಆನ್ ಮಾಡಿದೆ. ನನ್ನ ಆಂಡ್ರಾಯ್ಡ್ 14 ಫೋನಲ್ಲಿ ಚೆನ್ನಾಗಿ ಬಂತು. ಅಪ್ಪನ ಆಂಡ್ರಾಯ್ಡ್ 11 ಫೋನಲ್ಲಿ ಚೌಕವಾಗೇ ಇದೆ. ಫೋನಿನ ಸಂದೇಶಗಳು ದಾಖಲಾಗುವ ಲಾಗ್‌ಕ್ಯಾಟಲ್ಲಿ ಒಂದು ಎರರೂ ಇಲ್ಲ. ಎರಡು ದಿನದಿಂದ ಇದರಲ್ಲೇ ಇದ್ದೇನೆ, ಯಾರಾದ್ರೂ ದಾರಿ ತೋರಿಸಿ.

ಉತ್ತರ 1:
ನಿಮ್ಮ ಕೋಡಲ್ಲಿ ತಪ್ಪಿಲ್ಲ. ಎಪಿಐ 33ಕ್ಕಿಂತ, ಅಂದ್ರೆ ಆಂಡ್ರಾಯ್ಡ್ 13ಕ್ಕಿಂತ ಹಿಂದೆ ಔಟ್‌ಲೈನ್ ಕತ್ತರಿಸುತ್ತಿದ್ದದ್ದು ಆಯತ, ವೃತ್ತ, ಮೂಲೆ ದುಂಡಗಾದ ಆಯತ, ಇಷ್ಟನ್ನೇ. ಬೇರೆ ಪಾತ್ ಕೊಟ್ಟರೆ ನೆರಳಿಗೆ ಮಾತ್ರ ಬಳಸಿಕೊಂಡು ಚಿತ್ರವನ್ನು ಹಾಗೇ ಬಿಡುತ್ತೆ. ಔಟ್‌ಲೈನ್ ಕತ್ತರಿಸಬಲ್ಲುದೇ ಅಂತ ಹೇಳುವ ಕ್ಯಾನ್‌ಕ್ಲಿಪ್ ಪ್ರಿಂಟ್ ಮಾಡಿ ನೋಡಿ, ಅಪ್ಪನ ಫೋನಲ್ಲಿ ಫಾಲ್ಸ್ (ಇಲ್ಲ) ಬರುತ್ತೆ. ಸದ್ಯಕ್ಕೆ ಇಮೇಜ್‌ವ್ಯೂ ಚಿತ್ರ ಬಿಡಿಸುವ ಆನ್‌ಡ್ರಾದಲ್ಲಿ ಕ್ಯಾನ್ವಾಸ್‌ನ ಕ್ಲಿಪ್‌ಪಾತ್ ಕರೆದು, ಆಮೇಲೆ ಸೂಪರ್ (ಮೂಲ ಇಮೇಜ್‌ವ್ಯೂನ ಆನ್‌ಡ್ರಾ) ಕರೆಯಿರಿ.

ಪ್ರಶ್ನೆ ಕೇಳಿದವರು:
ಆಕಾರ ಬಂತು ಸರ್, ತುಂಬಾ ಥ್ಯಾಂಕ್ಸ್. ಆದ್ರೆ ನಾಲ್ಕು ಓರೆ ಅಂಚುಗಳೂ ಗರಗಸದ ಹಲ್ಲಿನ ಹಾಗಿವೆ. ನೆಟ್ಟಗಿರುವ ಎರಡು ಬದಿ ಮಾತ್ರ ನಯವಾಗಿವೆ.

ಉತ್ತರ 2:
ಕ್ಲಿಪ್‌ಪಾತ್ ಪೇಂಟನ್ನು (ಹೇಗೆ ಬಿಡಿಸಬೇಕು ಅಂತ ಹೇಳುವ ವಸ್ತು) ತಗೊಳ್ಳೋದೇ ಇಲ್ಲ. ಅಂಚು ನಯ ಮಾಡು ಅಂತ ಹೇಳೋಕೆ ಅಲ್ಲಿ ಜಾಗವಿಲ್ಲ. ಕತ್ತರಿಸೋದನ್ನು ಬಿಟ್ಟು, ಷಟ್ಕೋನದೊಳಗೆ ಫೋಟೋವನ್ನೇ ಬಣ್ಣದ ಹಾಗೆ ತುಂಬಿ. ಫೋಟೋವನ್ನು (ಬಿಟ್‌ಮ್ಯಾಪ್) ಬಣ್ಣವಾಗಿ ಕೊಡುವ ಬಿಟ್‌ಮ್ಯಾಪ್‌ಶೇಡರ್ ಮಾಡಿ ಪೇಂಟ್‌ಗೆ ಹಾಕಿ, ಅಂಚು ನಯ ಮಾಡುವ ಆಂಟಿಅಲಿಯಾಸ್ ಆನ್ ಮಾಡಿ, ಡ್ರಾಪಾತ್ ಕರೆಯಿರಿ. ನಾನು ಎಲ್ಲ ಆ್ಯಪಲ್ಲೂ ಇದನ್ನೇ ಬಳಸೋದು.

ಶೇಡರ್‌ಗೆ ಲೋಕಲ್ ಮ್ಯಾಟ್ರಿಕ್ಸ್ (ಫೋಟೋದ ಗಾತ್ರ, ಜಾಗ ಹೊಂದಿಸುವ ಲೆಕ್ಕ) ಕೊಡೋದನ್ನು ದಯವಿಟ್ಟು ಮರೆಯಬೇಡಿ. ಕೊಡದಿದ್ರೆ ದೊಡ್ಡ ಕ್ಯಾಮೆರಾ ಫೋಟೋದ ಎಡ ಮೇಲ್ಮೂಲೆಯಷ್ಟೇ ಕಾಣುತ್ತೆ. ಮುಖದ ಬದಲು ಬರೀ ಆಕಾಶ. ವ್ಯೂ ಅಗಲವನ್ನು ಬಿಟ್‌ಮ್ಯಾಪ್ ಅಗಲದಿಂದ, ಎತ್ತರವನ್ನು ಎತ್ತರದಿಂದ ಭಾಗಿಸಿ, ಎರಡರಲ್ಲಿ ದೊಡ್ಡದನ್ನು ಸ್ಕೇಲ್ ಅಂತ ಇಟ್ಕೊಳ್ಳಿ. ಹೆಚ್ಚಾಗಿ ಹೊರಗುಳಿಯೋದರ ಅರ್ಧದಷ್ಟು ಚಿತ್ರವನ್ನು ಹಿಂದಕ್ಕೆ ಸರಿಸಿ. ಪಾತನ್ನು, ಗಾತ್ರ ಬದಲಾದಾಗ ಮಾತ್ರ ನಡೆಯುವ ಆನ್‌ಸೈಜ್‌ಚೇಂಜ್ಡ್‌ನಲ್ಲಿ ಕಟ್ಟಿ, ಆನ್‌ಡ್ರಾದಲ್ಲಿ ಬೇಡ. ಫೋಟೋ ಬದಲಾದಾಗಲೆಲ್ಲ ಶೇಡರ್ ಹೊಸದಾಗಿ ಮಾಡ್ಬೇಕು, ಇಲ್ಲಾಂದ್ರೆ ಲಿಸ್ಟ್ ಸ್ಕ್ರೋಲ್ ಮಾಡುವಾಗ ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ಮುಖ ಬರುತ್ತೆ.

ಪ್ರಶ್ನೆ ಕೇಳಿದವರು:
ಅಪ್ಪನ ಫೋನಲ್ಲೂ ಈಗ ಅಂಚು ನಯವಾಗಿದೆ! ಷಟ್ಕೋನ ಮಾತ್ರ ಸ್ವಲ್ಪ ಅಗಲ ಅನ್ನಿಸ್ತಿದೆ. ವ್ಯೂ 96 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಚೌಕ.

ಉತ್ತರ 2:
ಚೂಪು ಮೇಲಿರುವ ಸಮ ಷಟ್ಕೋನದ ಅಗಲ ಎತ್ತರದ 0.866ರಷ್ಟು. ಎತ್ತರ 96 ಇಟ್ಟು ಅಗಲ 83 ಮಾಡಿ.