ಕಾಲಿಗೆ ತೂಕ ಕಟ್ಟಿಕೊಂಡು ಓಡಿದರೆ ವೇಗ ಹೆಚ್ಚುತ್ತಾ?

ಪ್ರಶ್ನೆ
ನಾಲ್ಕು ವರ್ಷದಿಂದ ಓಡ್ತಿದ್ದೀನಿ. 10 ಕಿ.ಮೀ.ಗೆ 56 ನಿಮಿಷ. ವರ್ಷದಿಂದ ಜಪ್ಪಯ್ಯ ಅಂದರೂ ಕೆಳಗಿಳೀತಿಲ್ಲ. ಎರಡು ತಿಂಗಳಿಂದ ಒಂದೊಂದು ಕೆಜಿಯ ಮರಳುಪಟ್ಟಿ ಕಣಕಾಲಿಗೆ ಕಟ್ಟಿ ಓಡ್ತಿದ್ದೀನಿ. ಬಿಚ್ಚಿದ ತಕ್ಷಣ ಕಾಲು ಹತ್ತಿ ಥರ ಹಗುರ, ಆದರೆ ಗಡಿಯಾರದಲ್ಲಿ ಮತ್ತದೇ 56! ಈಗ ಮೆಟ್ಟಿಲಿಳಿಯುವಾಗ ಎಡ ಮೊಣಕಾಲ ಚಿಪ್ಪಿನ ಕೆಳಗೆ ಚುಳುಕ್ ಅನ್ನುತ್ತೆ. ತೂಕ ಹೆಚ್ಚಿಸಲಾ, ಬಿಡಲಾ? ತೂಕ ತುಂಬಿದ ವೆಸ್ಟ್ (ತೋಳಿಲ್ಲದ ಅಂಗಿ) ತಗೊಳ್ಳಲಾ?

ಉತ್ತರ 1
ಮೊದಲು ಪಟ್ಟಿ ಬಿಚ್ಚಿ ಮೂಲೆಗೆ ಹಾಕಿ. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು.

ಭಾರ ಪಾದಕ್ಕೆ ಹತ್ತಿರವಾದಷ್ಟೂ ದುಬಾರಿ. ಶೂ 100 ಗ್ರಾಂ ಹೆಚ್ಚಾದರೇ ಓಟಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇ 1ರಷ್ಟು ಏರುತ್ತೆ. ನೀವು ಕೆಜಿ ಕಟ್ಟಿದ್ದೀರಿ. ಕಾಲು ಬೀಸೋಕೂ ಶ್ರಮ, ಬೀಸಿದ್ದನ್ನು ತಡೆಯೋಕೂ ಶ್ರಮ. ಓಟದ ಲಯವೇ ಕೆಡುತ್ತೆ. ಬಿಚ್ಚಿದಾಗಿನ ಹಗುರ, ಕೊಡ ಇಳಿಸಿದ ಮೇಲೆ ತಲೆ ತೇಲಿದ ಹಾಗೆ, ಅಷ್ಟೇ.

ಭಾರ ಎತ್ತಿ, ಆದರೆ ಓಡುವಾಗಲ್ಲ. ವಾರಕ್ಕೆ ಎರಡು ದಿನ ಸ್ಕ್ವಾಟ್ (ಭಾರ ಹೊತ್ತು ಕುಕ್ಕರಿಸಿ ಏಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲೋದು), ಕಾಫ್ ರೈಸ್ (ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ಏರೋದು). ನಾವು ಓಟದವರು ಪುಟ್ಟ ಡಂಬೆಲ್ ಹಿಡಿದು 25 ಸಲ ಎತ್ತಿ ಬೆವರು ಕಂಡು ಖುಷಿಪಡ್ತೀವಿ. ಆ ದಮ್ಮು ಓಟದಲ್ಲೇ ಸಿಗುತ್ತಲ್ಲ! ಒಂದು ತಿಂಗಳು ಹಗುರದಲ್ಲಿ ಭಂಗಿ ಕಲೀರಿ. ಆಮೇಲೆ 5-6 ಸಲಕ್ಕೆ ಸಾಕಪ್ಪಾ ಅನ್ನಿಸುವಷ್ಟು ಭಾರ, ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಅವಸರ ಬೇಡ.

ನನ್ನ ಕಣ್ಣು ತೆರೆಸಿದ್ದು ಒಂದು ಮೆಟ್ಟಿಲು. ಅಂಚಲ್ಲಿ ಒಂಟಿ ಕಾಲಿನ ಮುಂಗಾಲೂರಿ ನಿಂತು, ಮೂರು ಎಣಿಸುತ್ತಾ ಹಿಮ್ಮಡಿ ಕೆಳಗಿಳಿಸಿ, ಮತ್ತೆ ಪೂರ್ತಿ ಮೇಲೇರಿದೆ. ಬಲಗಾಲಲ್ಲಿ 22 ಆಯ್ತು. ಎಡಗಾಲು 13ಕ್ಕೇ ಗಡಗಡ ನಡುಗಿತು. ಹಾಫ್ ಮ್ಯಾರಥಾನ್ ಓಡಿದ್ದೀನಿ ಅಂತ ಬೀಗ್ತಿದ್ದವನಿಗೆ ಒಳ್ಳೆ ಮಂಗಳಾರತಿ! ಎರಡೂ ಕಾಲು 25 ಮುಟ್ಟಿದ ಮೇಲೆ ಬೆನ್ನಚೀಲಕ್ಕೆ ಭಾರ ತುಂಬಿ ಮಾಡಿದೆ. ಮೊದಲ ಎರಡು ತಿಂಗಳು ಗಡಿಯಾರ ಅಲುಗಲಿಲ್ಲ. ಐದನೇ ತಿಂಗಳಿಗೆ 10 ಕಿ.ಮೀ.ಗೆ 53 ನಿಮಿಷ ಇದ್ದದ್ದು 51 ಆಯ್ತು. ಎಲ್ಲ ಭಾರದಿಂದಲೇ ಅನ್ನಲಾರೆ, ನಿದ್ದೆಯೂ ಸುಧಾರಿಸಿತ್ತು.

ಮೊಣಕಾಲನ್ನು ಫಿಸಿಯೋಗೆ ತೋರಿಸಿ.

ಉತ್ತರ 2
ನಾನು 100 ಮೀಟರ್ ಓಡೋನು. ನಾವು ಸೊಂಟಕ್ಕೆ ಸ್ಲೆಡ್ (ಭಾರ ಹೇರಿ ನೆಲದ ಮೇಲೆ ಎಳೆಯುವ ಚೌಕಟ್ಟು) ಕಟ್ಟಿ 20 ಮೀಟರ್ ಎಳೀತೀವಿ, ಆದರೆ ಅದು ಆರಂಭದ ನೂಕಿಗೆ. ನಿಮಗೆ ಏರು ರಸ್ತೆ ಸಾಕು: ಹತ್ತು ಸೆಕೆಂಡ್ ಜೋರಾಗಿ ಹತ್ತಿ, ನಡೆದು ಇಳೀರಿ, ಆರು ಸಲ. ವೆಸ್ಟ್ ಬೇಕೇ ಬೇಕು ಅಂದರೆ ಮೊದಲು ನಡಿಗೆಗೆ, ಮೈತೂಕದ ಶೇ 5ರಷ್ಟು. ಮೈಗೆ ಅಂಟಿ ಕೂರಬೇಕು, ಕುಣಿದರೆ ಹೆಗಲು ಸುಲಿಯುತ್ತೆ.

ಪ್ರಶ್ನೆ ಕೇಳಿದವರು
ಮೆಟ್ಟಿಲಲ್ಲಿ ನೋಡಿದೆ: ಬಲ 19, ಎಡ 11. ಮುಖ ಸಪ್ಪಗಾಯ್ತು. ಭಾರ ಎತ್ತುವ ದಿನ ಓಟ ಬಿಡಬೇಕಾ?

ಉತ್ತರ 1
ಬೇಡ. ವೇಗದ ಓಟ ಬೆಳಿಗ್ಗೆ, ಭಾರ ಅದೇ ಸಂಜೆ. ಮರುದಿನ ಹರಟೆ ಹೊಡೀತಾ ಓಡುವಷ್ಟು ನಿಧಾನ. ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಹಿಂದಿನ ದಿನ ಮಾತ್ರ ಸ್ಕ್ವಾಟ್ ಮುಟ್ಟಬೇಡಿ, ನಾನು ಮುಟ್ಟಿ 14ನೇ ಕಿ.ಮೀ.ಯಿಂದ ನಡೆದು ಬಂದಿದ್ದೀನಿ.