ತಂದೂರಿನ ಕಾವು ಹಿಡಿತಕ್ಕೆ ಬರುತ್ತಿಲ್ಲ: ನಾನ್ ಮುಖ ಕರಕಲು, ಬೆನ್ನು ಹಸಿ

ಕೆಂಡಸಂಪಿಗೆ:
ಎರಡೂವರೆ ಅಡಿ ಎತ್ತರದ ಮಣ್ಣಿನ ತಂದೂರು, ಹೊರಗೆ ತಗಡಿನ ಡ್ರಮ್. ಇದ್ದಿಲು ಹೊತ್ತಿಸಿ ಮುಕ್ಕಾಲು ಗಂಟೆಗೆ ನಾನ್ ಬಡಿದರೆ ಮೊದಲನೆಯವು ಜಾರಿ ಕೆಂಡಕ್ಕೆ ಬೀಳುತ್ತವೆ. ಅಂಟಿದವು ಮುಖ ಕರಕಲು, ಬೆನ್ನು ಹಸಿಹಸಿ. ಇದ್ದಿಲು ಕಡಿಮೆ ಮಾಡಬೇಕಾ?

ಮಣ್ಣೊಲೆ:
ಬೇಡ. ತಂದೂರಿನಲ್ಲಿ ಕಾವು ಎರಡು ಬಗೆ. ಬೆನ್ನು ಬೇಯುವುದು ಗೋಡೆಯ ಕಾವಿಗೆ, ಮುಖ ಬೇಯುವುದು ಕೆಂಡದ ಕಾವಿಗೆ. ನಿಮ್ಮ ಕೆಂಡ ಜೋರಾಗಿದೆ, ಗೋಡೆ ಇನ್ನೂ ಕಾದಿಲ್ಲ. ಮುಕ್ಕಾಲು ಗಂಟೆ ಏನೇನೂ ಸಾಲದು. ಕೆಳಗಿನ ಗಾಳಿಕಿಂಡಿ ಪೂರ್ತಿ ತೆಗೆದು ಒಂದೂವರೆಯಿಂದ ಎರಡು ಗಂಟೆ ಉರಿಸಿ. ಗೋಡೆ ನೋಡುತ್ತಿರಿ: ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ, ಕಾವು ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಮಣ್ಣು ಬೆಳ್ಳಗೆ ಕಾಣುತ್ತದೆ. ಬಿಳುಪು ಕೆಳಗಿನಿಂದ ಕುತ್ತಿಗೆಯ ಹತ್ತಿರಕ್ಕೆ ಬರಲಿ. ಆಮೇಲೆ ಕೆಂಡವನ್ನು ತಳದಲ್ಲಿ ಸಮನಾಗಿ ಹರಡಿ (ಒಂದು ಪಕ್ಕಕ್ಕೆ ಒತ್ತಿದರೆ ಆ ಪಕ್ಕದ ರೊಟ್ಟಿಯಷ್ಟೇ ಸೀಯುತ್ತದೆ), ಕಿಂಡಿಯನ್ನು ಎರಡು ಬೆರಳಷ್ಟಕ್ಕೆ ಇಳಿಸಿ, ಹತ್ತು ಹದಿನೈದು ನಿಮಿಷ ಬಿಡಿ. ತಾಪಮಾನ ಅಳೆಯುವ ಗನ್ ಇದ್ದರೆ ಗೋಡೆಯ ನಡುಭಾಗಕ್ಕೆ ಹಿಡಿಯಿರಿ. ನಾನ್‌ಗೆ 250ರಿಂದ 300 ಡಿಗ್ರಿ ಸೆಲ್ಸಿಯಸ್ ಚೆನ್ನ.

ರೊಟ್ಟಿಭಟ್ಟಿ:
ಒಂದಷ್ಟು ರೊಟ್ಟಿ ಆದಮೇಲೆ ಇದೇ ತಿರುವುಮುರುವಾಗುತ್ತದೆ: ಬೆನ್ನು ಸೀಯುತ್ತದೆ, ಮುಖ ಬಿಳಿಚಿಕೊಂಡೇ ಇರುತ್ತದೆ. ಬೂದಿ ಮುಚ್ಚಿ ಕೆಂಡ ಮಂಕಾಗಿದೆ ಎಂದರ್ಥ. ಸಲಾಕೆಯಿಂದ ಕೆದಕಿ, ಕಿಂಡಿಯ ಬಾಯಿಗೆ ಕೂತ ಬೂದಿ ಎಳೆದು ತೆಗೆದು, ಇದ್ದಿಲನ್ನು ಒಂದೊಂದೇ ಹಿಡಿ ಹಾಕಿ. ಬುಟ್ಟಿಗಟ್ಟಲೆ ಸುರಿದರೆ ಅದು ಹೊತ್ತಿಕೊಳ್ಳುವವರೆಗೆ ಕಾವು ಬಿದ್ದುಹೋಗುತ್ತದೆ, ಹೊಗೆ ಬೇರೆ.

ಕೆಂಡಸಂಪಿಗೆ:
ಗೋಡೆಗೆ ಉಪ್ಪುನೀರು ಚಿಮುಕಿಸಿದರೆ ಕಾವು ಇಳಿಯುತ್ತದೆ ಅಂತಾರಲ್ಲ?

ಮಣ್ಣೊಲೆ:
ಅದು ರೊಟ್ಟಿ ಅಂಟಲು, ಕಾವು ಇಳಿಸಲು ಅಲ್ಲ. ಬೆರಳಲ್ಲಿ ನಾಲ್ಕು ಹನಿ ಸಾಕು. ಕಾದ ಮಣ್ಣಿಗೆ ಚೊಂಬು ನೀರು ಎರಚಿದರೆ ಬಿರುಕು ಖಂಡಿತ. ಕಾವು ಇಳಿಸಬೇಕಾದರೆ ಕಿಂಡಿ ಮುಚ್ಚಿ, ತಂದೂರಿನ ಮೇಲಿನ ಬಾಯಿ ತೆರೆದಿಡಿ. ಇಳಿಯದಂತೆ ಹಿಡಿದಿಡಬೇಕೆಂದರೆ ಎರಡನ್ನೂ ಮುಚ್ಚಿ. ರೊಟ್ಟಿಯ ಬೆನ್ನಿಗೂ ಒದ್ದೆ ಕೈ ಸವರಿ ಗದ್ದಿಯಿಂದ (ರೊಟ್ಟಿಯನ್ನು ಗೋಡೆಗೆ ಬಡಿಯುವ ಬಟ್ಟೆಯ ದಿಂಬು) ಒತ್ತಿ. ಒಣಹಿಟ್ಟು ಮೆತ್ತಿಕೊಂಡಿದ್ದರೆ ಎಂಥ ಗೋಡೆಗೂ ಅಂಟುವುದಿಲ್ಲ.

ರೊಟ್ಟಿಭಟ್ಟಿ:
ಡ್ರಮ್ಮಿಗೂ ಮಣ್ಣಿನ ಹಂಡೆಗೂ ನಡುವೆ ಏನು ತುಂಬಿದ್ದೀರಿ? ಖಾಲಿ ಬಿಟ್ಟಿದ್ದರೆ ಎರಡು ಗಂಟೆ ಉರಿಸಿದರೂ ಗೋಡೆಯಲ್ಲಿ ಕಾವು ನಿಲ್ಲುವುದಿಲ್ಲ. ಒಣ ಮರಳಾದರೂ ಸರಿ, ಗ್ಲಾಸ್‌ವೂಲ್ (ಕಾವು ತಡೆಯುವ ಗಾಜಿನ ನಾರು) ಆದರೆ ಇನ್ನೂ ಉತ್ತಮ.